ಹತ್ತಿ ಹತ್ತಿ ಆರುವ ಬೆಂಕಿ: ಗ್ಯಾಸ್ ಗೀಸರ್, ಫರ್ನೇಸ್ ಕುರಿತ ಓದುಗರ ಪ್ರಶ್ನೆಗಳು

ಧನುರ್ಮಾಸ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಬಿಸಿನೀರಿನದೇ. ಈ ಸಲ ಮೈಸೂರು, ಮಂಡ್ಯ ಕಡೆಯ ಗ್ಯಾಸ್ ಗೀಸರ್‌ಗಳ ಜೊತೆಗೆ ಅಮೆರಿಕದ ಮನೆಯೊಂದನ್ನು ಬೆಚ್ಚಗಿಡುವ ಫರ್ನೇಸ್ ಬಗ್ಗೆಯೂ ಒಂದು ಪತ್ರ ಬಂದಿದೆ. ಎರಡರ ಒಳಗುಟ್ಟು ಹೆಚ್ಚುಕಡಿಮೆ ಒಂದೇ. ಬೆಂಕಿ ಹತ್ತಿದೆಯೇ, ಬಿಸಿ ಮಿತಿ ಮೀರಿದೆಯೇ ಎಂದು ಯಂತ್ರ ತಾನೇ ನೋಡಿಕೊಳ್ಳುತ್ತಿರುತ್ತದೆ. ಅನುಮಾನ ಬಂದ ಕೂಡಲೇ ಗ್ಯಾಸ್ ಮುಚ್ಚುತ್ತದೆ. ‘ಗೀಸರ್ ಕೆಟ್ಟಿದೆ’ ಎಂದು ಬರೆಯುವ ಎಷ್ಟೋ ಮನೆಗಳಲ್ಲಿ ಗೀಸರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ. ಅದು ಯಾಕೆ ಆರಿತು ಎಂದು ಹುಡುಕಬೇಕೇ ಹೊರತು ಆರದ ಹಾಗೆ ಮಾಡಬಾರದು.

ಪ್ರಶ್ನೆ: ನಲ್ಲಿ ತಿರುಗಿಸಿದರೆ ಗೀಸರ್ ಟಕ್ ಟಕ್ ಎಂದು ಕಿಡಿ ಹಾರಿಸುತ್ತದೆ, ಬೆಂಕಿ ಹತ್ತುವುದಿಲ್ಲ. ಕೆಲವು ಸಲ ಹತ್ತಿ, ಐದಾರು ಸೆಕೆಂಡಿನಲ್ಲಿ ಆರುತ್ತದೆ. ಮೆಕ್ಯಾನಿಕ್ ಇಡೀ ಸರ್ಕ್ಯೂಟ್ ಬದಲಿಸಬೇಕು ಎನ್ನುತ್ತಿದ್ದಾರೆ. ಬೇಕೇ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಸರ್ಕ್ಯೂಟ್‌ಗೆ ದುಡ್ಡು ಕೊಡುವ ಮೊದಲು ಸೆಲ್ ಬದಲಿಸಿ. ಗೀಸರ್‌ನ ಅಡಿಯ ಡಬ್ಬಿಯಲ್ಲಿ ಸಾಮಾನ್ಯವಾಗಿ ದೊಡ್ಡ ಟಾರ್ಚ್ ಸೆಲ್ ಎರಡು ಇರುತ್ತವೆ, ತಲಾ 1.5 ವೋಲ್ಟ್. ಕಿಡಿ ಹಾರಿಸುವುದಕ್ಕೂ ಗ್ಯಾಸ್ ಬಿಡುವ ಸೊಲೆನಾಯ್ಡ್ ವಾಲ್ವನ್ನು ಎಳೆದು ಹಿಡಿಯುವುದಕ್ಕೂ ಇವೇ ಆಧಾರ. ಸೆಲ್ ಅರ್ಧ ಸತ್ತಾಗ ಕಿಡಿಗೆ ಸಾಲುವಷ್ಟು ಶಕ್ತಿ ಉಳಿದಿರುತ್ತದೆ, ವಾಲ್ವ್ ತೆರೆಯಲು ಸಾಲುವುದಿಲ್ಲ. ಕಿಡಿ ಬರುತ್ತಿದೆಯಲ್ಲ, ಸೆಲ್ ಚೆನ್ನಾಗಿಯೇ ಇದೆ ಎಂದು ಎಲ್ಲರೂ ಮೋಸ ಹೋಗುವುದು ಇಲ್ಲೇ. ಎರಡನ್ನೂ ಒಟ್ಟಿಗೆ ಬದಲಿಸಿ, ಹಳೆಯದು ಒಂದು ಹೊಸದು ಒಂದು ಬೇಡ. ಆಲ್ಕಲೈನ್ ಸೆಲ್ ಆದರೆ ಒಳ್ಳೆಯದು. ಡಬ್ಬಿಯ ಸ್ಪ್ರಿಂಗ್ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಉಪ್ಪುಕಾಗದದಿಂದ ಉಜ್ಜಿ. ಬಚ್ಚಲಿನ ಹಬೆ ತಾಗುವ ಗೋಡೆಯ ಮೇಲಿರುವ ಗೀಸರ್‌ನಲ್ಲಿ ಕಿಲುಬು ಕಟ್ಟದೆ ಇರುವುದೇ ಅಪರೂಪ.

ಹೊಸ ಸೆಲ್ ಹಾಕಿದ ಮೇಲೂ ಹತ್ತದಿದ್ದರೆ ಗ್ಯಾಸ್ ಬರುತ್ತಿದೆಯೇ ನೋಡಿ. ಅದೇ ಸಿಲಿಂಡರ್‌ಗೆ ಅಡುಗೆ ಒಲೆಯೂ ಸೇರಿದ್ದರೆ ಒಲೆ ಹಚ್ಚಿ, ಜ್ವಾಲೆ ಎಂದಿನಷ್ಟು ಇದೆಯೇ ಗಮನಿಸಿ. ಸಿಲಿಂಡರ್ ಬದಲಿಸಿದ ದಿನವೇ ತೊಂದರೆ ಶುರುವಾಗಿದ್ದರೆ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ. ನಲ್ಲಿ ಬಿಟ್ಟು, ನಿಲ್ಲಿಸಿ, ಅರ್ಧ ನಿಮಿಷ ಕಾದು ಮತ್ತೆ ಬಿಡಿ. ನಾಲ್ಕಾರು ಸಲದಲ್ಲಿ ಹತ್ತುತ್ತದೆ. ನಡುವೆ ಕಾಯದೆ ಪಟಪಟನೆ ಮಾಡಿದರೆ ಉರಿಯದ ಗ್ಯಾಸ್ ಒಳಗೆ ತುಂಬಿಕೊಂಡು ಕೊನೆಗೆ ‘ಧಡ್’ ಎಂದು ಹತ್ತುತ್ತದೆ. ದಿನವೂ ಹಾಗೆ ಧಡ್ ಎನ್ನುತ್ತಿದ್ದರೆ ಬಳಸುವುದನ್ನು ನಿಲ್ಲಿಸಿ ಬರ್ನರ್ ಬಿಚ್ಚಿ ತೊಳೆಸಿ.

ಇನ್ನು ಐದಾರು ಸೆಕೆಂಡಿನಲ್ಲಿ ಆರುವ ವಿಷಯ. ಬರ್ನರ್ ಮುಂದೆ ಬಿಳಿ ಪಿಂಗಾಣಿ ಕಾಲಿನ ಕಡ್ಡಿಗಳಿವೆ. ಒಂದೆರಡು ಕಿಡಿ ಹಾರಿಸಲು, ಇನ್ನೊಂದು ಜ್ವಾಲೆಯೊಳಗೆ ಮುಳುಗಿ ನಿಲ್ಲಲು. ಜ್ವಾಲೆಗೆ ಅತಿ ಸಣ್ಣ ಪ್ರಮಾಣದಲ್ಲಿ ವಿದ್ಯುತ್ ಹರಿಸುವ ಗುಣವಿದೆ. ಎರಡನೆಯ ಕಡ್ಡಿ ಆ ವಿದ್ಯುತ್ತನ್ನು ಹಿಡಿದು ‘ಬೆಂಕಿ ಇದೆ’ ಎಂದು ಸರ್ಕ್ಯೂಟ್‌ಗೆ ತಿಳಿಸುತ್ತದೆ. ಕಡ್ಡಿಯ ಮೇಲೆ ಮಸಿ ಕೂತರೆ ಆ ಸುದ್ದಿ ತಲುಪದೆ, ಉರಿಯುತ್ತಿರುವ ಬೆಂಕಿಯನ್ನೇ ಸರ್ಕ್ಯೂಟ್ ಆರಿಸುತ್ತದೆ. ಸಿಲಿಂಡರ್ ಮುಚ್ಚಿ, ಸೆಲ್ ತೆಗೆದು, ಮುಂದಿನ ಮುಚ್ಚಳ ಬಿಚ್ಚಿ, ಕಡ್ಡಿಯನ್ನು ಹೊಸ ಸ್ಕ್ರಬ್ಬರ್ ತುಂಡಿನಿಂದ ಹಗುರವಾಗಿ ಉಜ್ಜಿ. ಬಗ್ಗಿಸಬೇಡಿ. ಕಿಡಿಯ ಕಡ್ಡಿಗೂ ಬರ್ನರ್‌ಗೂ ನಡುವೆ 3–5 ಮಿಲಿಮೀಟರ್ ಅಂತರ ಇರಲಿ. ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದ್ದರೂ ಕಿಡಿ ಬರ್ನರ್ ಬಿಟ್ಟು ಪಕ್ಕದ ತಗಡಿಗೆ ಹಾರುತ್ತದೆ. ದೀಪ ಆರಿಸಿ ಕತ್ತಲಲ್ಲಿ ನೋಡಿದರೆ ಗೊತ್ತಾಗುತ್ತದೆ. ಇಷ್ಟೂ ಸರಿಯಿದ್ದು ಹತ್ತದಿದ್ದರೆ ಆಗ ಮೆಕ್ಯಾನಿಕ್ ಮಾತು ಕೇಳಬಹುದು.

ಪ್ರಶ್ನೆ: ಹೊಸ ಗೀಸರ್. ಕೆಳಗಿನ ಮನೆಯಲ್ಲಿ ಚೆನ್ನಾಗಿ ಹತ್ತುತ್ತಿತ್ತು. ಮಹಡಿಯ ಬಚ್ಚಲಿಗೆ ಬದಲಿಸಿದ ಮೇಲೆ ಕಿಡಿಯ ಸದ್ದೂ ಇಲ್ಲ.
– ಗೃಹಿಣಿ, ಮದ್ದೂರು

ಉತ್ತರ: ನೀರಿನ ಒತ್ತಡ ಸಾಲುತ್ತಿಲ್ಲ. ನೀರು ನುಗ್ಗುವ ಬಾಯಿಯಲ್ಲಿ ಡಯಾಫ್ರಂ ಎಂಬ ರಬ್ಬರ್ ಪೊರೆ ಇದೆ. ಹರಿಯುವ ನೀರು ಅದನ್ನು ಒತ್ತಿದರೆ ಒಂದು ಪಿನ್ ಸರಿದು ಮೈಕ್ರೋ ಸ್ವಿಚ್ ತಾಗುತ್ತದೆ. ಅಲ್ಲಿಂದಲೇ ಎಲ್ಲದರ ಆರಂಭ. ಟ್ಯಾಂಕಿನ ನೀರು 1 ಮೀಟರ್ ಎತ್ತರದಲ್ಲಿದ್ದರೆ 0.1 ಬಾರ್ ಒತ್ತಡ. ನಿಮ್ಮ ಮಹಡಿಯ ಟ್ಯಾಂಕ್ ಗೀಸರ್‌ಗಿಂತ ಒಂದೂವರೆ ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.15 ಬಾರ್, ಅದರಲ್ಲಿ ಪೈಪಿನ ಬಾಗುಗಳು ಒಂದಿಷ್ಟು ತಿನ್ನುತ್ತವೆ. ಸಾಮಾನ್ಯ ಗೀಸರ್‌ಗೆ 0.2–0.3 ಬಾರ್ ಆದರೂ ಬೇಕು. ನಿಮ್ಮದಕ್ಕೆ ಎಷ್ಟು ಎಂಬುದು ಪಕ್ಕದ ಚೀಟಿಯಲ್ಲಿರುತ್ತದೆ.

ಬಕೆಟ್ ಇಟ್ಟು ಗಡಿಯಾರ ನೋಡಿ: ಬಿಸಿನೀರಿನ ನಲ್ಲಿಯಿಂದ ನಿಮಿಷಕ್ಕೆ 3 ಲೀಟರ್ ಬಾರದಿದ್ದರೆ ಹತ್ತುವ ಆಸೆ ಬಿಡಿ. ಮೊದಲು ಒಳಬರುವ ನಟ್ ಬಿಚ್ಚಿ ಜಾಲರಿ ತೊಳೆಯಿರಿ, ಹೊಸ ಪೈಪ್ ಕೆಲಸದ ಮರಳು, ಟೇಪಿನ ಚೂರು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಸಣ್ಣ ತೂತಿನ ಶವರ್ ತೆಗೆದು ನೋಡಿ. ಆಗ ಹತ್ತಿದರೆ ಶವರ್ ಬದಲಿಸಿದರೆ ಸಾಕು. ಇಲ್ಲದಿದ್ದರೆ ಟ್ಯಾಂಕಿಗೆ ಎತ್ತರದ ಕಟ್ಟೆ ಕಟ್ಟಿಸಬೇಕು, ಅಥವಾ ಸಣ್ಣ ಪ್ರೆಷರ್ ಪಂಪ್ ಹಾಕಿಸಬೇಕು. ಮೈಕ್ರೋ ಸ್ವಿಚ್ಚನ್ನು ಪಿನ್‌ಗೆ ಹತ್ತಿರ ಬಗ್ಗಿಸಿಕೊಡುತ್ತೇನೆ ಎನ್ನುವವರ ಮಾತು ಕೇಳಬೇಡಿ. ಆಮೇಲೆ ನಲ್ಲಿ ನಿಲ್ಲಿಸಿದರೂ ಬೆಂಕಿ ಆರುವುದಿಲ್ಲ, ನೀರಿಲ್ಲದ ತಾಮ್ರದ ಸುರುಳಿ ಸುಟ್ಟುಹೋಗುತ್ತದೆ.

ಪ್ರಶ್ನೆ: ನಮ್ಮದು ಬೋರ್ ನೀರು. ಗೀಸರ್ ಎರಡು ಮೂರು ನಿಮಿಷ ಉರಿದು ಆರುತ್ತದೆ. ಒಳಗೆ ನೀರು ಕೊತಕೊತ ಕುದಿಯುವ ಸದ್ದು. ರಿಪೇರಿಗೆ ಬಂದವರು ‘ಒಂದು ಸೆನ್ಸರ್ ಕಿರಿಕಿರಿ ಮಾಡುತ್ತಿದೆ, ಅದರ ಎರಡು ವೈರ್ ಸೇರಿಸಿಬಿಟ್ಟರೆ ಆಯಿತು’ ಎಂದರು. ಸೇರಿಸಬಹುದೇ?
– ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ದಯವಿಟ್ಟು ಬೇಡ ಮೇಷ್ಟ್ರೇ. ಅವರು ಹೇಳಿದ್ದು ಬಿಸಿನೀರು ಹೊರಹೋಗುವ ಪೈಪಿಗೆ ಅಂಟಿಕೊಂಡಿರುವ ಬಿಲ್ಲೆಯಂಥ ಥರ್ಮಲ್ ಸ್ವಿಚ್. ನೀರು ಅಳತೆ ಮೀರಿ ಕಾದಾಗ ಗ್ಯಾಸ್ ನಿಲ್ಲಿಸುವುದು ಅದರ ಕೆಲಸ. ಅದನ್ನು ಸುಮ್ಮನಾಗಿಸಿದರೆ ಮುಂದಿನ ಸಲ ಶವರ್‌ನಿಂದ ಕುದಿನೀರು ಬರಬಹುದು, ಸುರುಳಿ ಒಡೆಯಬಹುದು.

ಕೊತಕೊತ ಸದ್ದೇ ಕಾರಣ ಹೇಳುತ್ತಿದೆ: ಸುರುಳಿಯೊಳಗೆ ಸುಣ್ಣ ಕಟ್ಟಿದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾದ ತಾಮ್ರದ ಒಳಮೈಗೆ ಅಂಟುತ್ತಾ ಹೋಗುತ್ತವೆ. ದಾರಿ ಕಿರಿದಾಗಿ ನೀರು ಕಡಿಮೆ ಹರಿಯುತ್ತದೆ, ಬೆಂಕಿ ಮಾತ್ರ ಮೊದಲಿನಷ್ಟೇ. ಅಲ್ಲಲ್ಲಿ ನೀರು ಕುದಿದು ಸದ್ದು ಮಾಡುತ್ತದೆ, ಥರ್ಮಲ್ ಸ್ವಿಚ್ ಗ್ಯಾಸ್ ನಿಲ್ಲಿಸುತ್ತದೆ.

ಖಚಿತಪಡಿಸಿಕೊಳ್ಳುವುದು ಸುಲಭ. ಆರಿದ ಕೂಡಲೇ ನಲ್ಲಿ ನಿಲ್ಲಿಸಿ ಮತ್ತೆ ಬಿಡಿ. ಕಿಡಿಯೇ ಬಾರದೆ, ಕೆಲವು ನಿಮಿಷ ತಣ್ಣಗಾದ ಮೇಲೆ ತಾನಾಗಿ ಬಂದರೆ ಅದು ಬಿಸಿಯಿಂದ ನಿಂತದ್ದು. ಕೂಡಲೇ ಕಿಡಿ ಬಂದು ಹತ್ತಿದರೆ ಮೇಲೆ ಹೇಳಿದ ಜ್ವಾಲೆಯ ಕಡ್ಡಿ ಅಥವಾ ಸೆಲ್. ಸರಿಯಾಗಿ 20 ನಿಮಿಷಕ್ಕೆ ಆರುತ್ತಿದ್ದರೆ ಅದು ದೋಷವೇ ಅಲ್ಲ, ಬಹಳಷ್ಟು ಗೀಸರ್‌ಗಳಲ್ಲಿ ಆ ಟೈಮರ್ ಬೇಕೆಂದೇ ಇಟ್ಟಿರುತ್ತಾರೆ. ದೀಪಾವಳಿಯ ಎಣ್ಣೆಸ್ನಾನದ ದಿನ ಮನೆಮಂದಿಯೆಲ್ಲ ಸಾಲಾಗಿ ಮೀಯುವಾಗ ಇದು ಗೊತ್ತಾಗುತ್ತದೆ.

ಸುಣ್ಣ ತೆಗೆಯುವ ಕ್ರಮ ಹೀಗೆ. ಸಿಲಿಂಡರ್ ಮತ್ತು ನೀರು ಎರಡನ್ನೂ ಮುಚ್ಚಿ, ಸೆಲ್ ತೆಗೆಯಿರಿ. ಒಳಬರುವ, ಹೊರಹೋಗುವ ಎರಡೂ ಹೋಸ್ ಬಿಚ್ಚಿ ಒಳಗಿನ ನೀರು ಬಸಿಯಿರಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆ್ಯಸಿಡ್ ಪುಡಿ ಕರಗಿಸಿ. ಹೊರಹೋಗುವ ಬಾಯಿಗೆ ಎರಡಡಿ ಹೋಸ್ ಸಿಕ್ಕಿಸಿ, ಗೀಸರ್‌ಗಿಂತ ಎತ್ತರಕ್ಕೆ ಹಿಡಿದು, ಆಲಿಕೆಯಿಂದ ನಿಧಾನವಾಗಿ ಸುರಿಯಿರಿ. ಇನ್ನೊಂದು ಬಾಯಿಗೂ ಅಂಥದೇ ಹೋಸ್ ಹಾಕಿ ಮೇಲಕ್ಕೆ ಕಟ್ಟಿರಬೇಕು, ಇಲ್ಲವಾದರೆ ಹಾಕಿದ್ದೆಲ್ಲ ಕೆಳಗೆ ಹೋಗುತ್ತದೆ. ಬುರುಬುರು ಗುಳ್ಳೆ ಬರುತ್ತದೆ. ಅರ್ಧ ಗಂಟೆ ಬಿಟ್ಟು ಬಸಿಯಿರಿ, ಕಲಕಿದ ನೀರು ಬರುತ್ತದೆ. ಗುಳ್ಳೆ ನಿಲ್ಲುವವರೆಗೆ ಎರಡು ಮೂರು ಸಲ ಹೀಗೇ ಮಾಡಿ, ಕೊನೆಗೆ ಒಂದೆರಡು ಬಕೆಟ್ ತಿಳಿನೀರು ಹಾಯಿಸಿ. ಕಕ್ಕಸು ತೊಳೆಯುವ ಆ್ಯಸಿಡ್ ಮಾತ್ರ ಹಾಕಬೇಡಿ. ಅದು ಸುಣ್ಣದ ಜೊತೆಗೆ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ನಿಮ್ಮ ನೀರಿಗೆ ಆರು ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು. ಕಾವೇರಿ ನೀರು ಬರುವ ಮನೆಗಳಿಗೆ ಇಷ್ಟು ಅವಸರವಿಲ್ಲ.

ಒಂದು ಮಾತು: ಇನ್ನೂ ಬಿಸಿ ಬೇಕೆಂದು ನಲ್ಲಿಯನ್ನು ಸಣ್ಣಗೆ ಮಾಡುವ ಅಭ್ಯಾಸವಿದ್ದರೆ ಬಿಡಿ. ಗ್ಯಾಸಿನ ತಿರುಪು ಹೆಚ್ಚಿಸಿ.

ಪ್ರಶ್ನೆ: ಗೀಸರ್ ಬಚ್ಚಲುಮನೆಯೊಳಗೇ ಇದೆ. ಚಳಿಗಾಲದಲ್ಲಿ ಸ್ನಾನ ಮುಗಿಸಿ ಬಂದರೆ ನನಗೂ ಮಗನಿಗೂ ತಲೆನೋವು, ಸ್ವಲ್ಪ ಓಕರಿಕೆ. ಗ್ಯಾಸ್ ವಾಸನೆ ಏನೂ ಇಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕೇ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಈ ಉತ್ತರ ಓದಿದ ದಿನದಿಂದಲೇ ಆ ಗೀಸರ್ ಬಳಸಬೇಡಿ ತಾಯಿ. ನೀವು ಹೇಳುತ್ತಿರುವುದು ಕಾರ್ಬನ್ ಮಾನಾಕ್ಸೈಡ್ ವಿಷದ ಮೊದಲ ಲಕ್ಷಣಗಳು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಗ್ಯಾಸಿಗೆ ಸೇರಿಸುವ ಕೆಟ್ಟ ವಾಸನೆ ಉರಿಯದೆ ಸೋರಿದ ಗ್ಯಾಸನ್ನು ಹಿಡಿದುಕೊಡುತ್ತದೆಯೇ ಹೊರತು ಅರೆಬರೆ ಉರಿದದ್ದನ್ನಲ್ಲ. ಆದ್ದರಿಂದ ‘ವಾಸನೆ ಏನೂ ಇಲ್ಲ’ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ.

ಲೆಕ್ಕ ನೋಡಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸುವ ಗೀಸರ್ ಹತ್ತು ನಿಮಿಷದಲ್ಲಿ ಸುಮಾರು 150 ಗ್ರಾಂ ಗ್ಯಾಸ್ ಉರಿಸುತ್ತದೆ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು 12–13 ಘನ ಮೀಟರ್ ಗಾಳಿ ಬೇಕು, ಅಂದರೆ ನಿಮ್ಮ ಒಂದು ಸ್ನಾನಕ್ಕೆ ಹತ್ತಿರ ಹತ್ತಿರ 2 ಘನ ಮೀಟರ್. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿಯೇ 8 ಘನ ಮೀಟರ್. ಬಾಗಿಲು, ವೆಂಟಿಲೇಟರ್ ಮುಚ್ಚಿದ್ದರೆ ಹತ್ತೇ ನಿಮಿಷದಲ್ಲಿ ಅಲ್ಲಿನ ಆಮ್ಲಜನಕದ ಕಾಲು ಭಾಗ ಮುಗಿಯುತ್ತದೆ. ಅಷ್ಟಾಗುವ ಮೊದಲೇ ಬೆಂಕಿ ಸರಿಯಾಗಿ ಉರಿಯದೆ ವಿಷಗಾಳಿ ಬಿಡಲು ಶುರುಮಾಡುತ್ತದೆ. ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋದರೆ ಎರಡನೆಯವರಿಗೆ ಅಪಾಯ ಹೆಚ್ಚು. ಚಳಿಗಾಲದಲ್ಲಿ ತಲೆನೋವು ಬರುವುದು ಚಳಿಗಲ್ಲ, ಕಿಟಕಿ ಮುಚ್ಚುವುದಕ್ಕೆ.

ಎಕ್ಸಾಸ್ಟ್ ಫ್ಯಾನ್ ಮಾತ್ರ ಹಾಕಿಸಿದರೆ ಸಾಲದು. ಕೆಳಗಿನಿಂದ ಹೊಸ ಗಾಳಿ ಬರುವ ದಾರಿ ಇಲ್ಲದಿದ್ದರೆ ಅದು ಎಳೆಯುವುದಾದರೂ ಏನನ್ನು? ಕರೆಂಟ್ ಹೋದಾಗ ಫ್ಯಾನ್ ನಿಲ್ಲುತ್ತದೆ, ಸೆಲ್ ಮೇಲೆ ನಡೆಯುವ ಗೀಸರ್ ನಿಲ್ಲುವುದಿಲ್ಲ. ಸರಿಯಾದ ಪರಿಹಾರ ಒಂದೇ: ಗೀಸರನ್ನು ಬಚ್ಚಲಿನ ಹೊರಗೋಡೆಗೆ, ತೆರೆದ ಯುಟಿಲಿಟಿ ಅಥವಾ ಬಾಲ್ಕನಿಗೆ ಸಾಗಿಸಿ, ಬಿಸಿನೀರಿನ ಪೈಪ್ ಮಾತ್ರ ಗೋಡೆ ಕೊರೆದು ಒಳತರುವುದು. ಮಳೆಯ ಎರಚಲು, ನೇರ ಗಾಳಿ ಹೊಡೆಯದ ಜಾಗ ನೋಡಿ. ಬಚ್ಚಲಿನ ವೆಂಟಿಲೇಟರ್ ಪಕ್ಕದಲ್ಲೇ ಹಾಕಿದರೆ ಹೊಗೆ ಮತ್ತೆ ಒಳಗೇ ಬರುತ್ತದೆ.

ಅಲ್ಲಿಯವರೆಗೆ ಬೇರೆ ದಾರಿಯೇ ಇಲ್ಲವೆಂದಾದರೆ, ಬಾಗಿಲು ಪೂರ್ತಿ ತೆರೆದಿಟ್ಟು ಬಕೆಟ್‌ಗೆ ಬಿಸಿನೀರು ಹಿಡಿದು, ಗೀಸರ್ ಆರಿಸಿ ಸಿಲಿಂಡರ್ ಮುಚ್ಚಿ, ಗಾಳಿ ಆಡಲು ಹತ್ತು ನಿಮಿಷ ಬಿಟ್ಟು ಆಮೇಲೆ ಬಾಗಿಲು ಹಾಕಿಕೊಳ್ಳಿ. ಒಳಗಿರುವವರು ಕರೆದರೆ ಓಗೊಡದಿದ್ದರೆ ಬಾಗಿಲು ಒಡೆದು ತೆರೆದ ಗಾಳಿಗೆ ಎತ್ತಿ ತನ್ನಿ, 108ಕ್ಕೆ ಕರೆ ಮಾಡಿ, ‘ಗ್ಯಾಸ್ ಗೀಸರ್ ಇತ್ತು’ ಎಂದು ವೈದ್ಯರಿಗೆ ಮೊದಲು ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷದಲ್ಲಿ ಸುಳ್ಳು ಹೇಳುತ್ತದೆ. ರಕ್ತ ಮಾನಾಕ್ಸೈಡ್ ಹೊತ್ತಿದ್ದರೂ ಅದು ಆಮ್ಲಜನಕ ಎಂದೇ ಓದಿಕೊಂಡು 98 ತೋರಿಸಬಹುದು.

ಪ್ರಶ್ನೆ: ಚಳಿಗಾಲಕ್ಕೆ ನಾವಿಬ್ಬರೂ ಅಮೆರಿಕದ ಮಿಷಿಗನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಹಿಂದಿನ ಸಲ, ಅವರು ಕೆಲಸಕ್ಕೆ ಹೋಗಿದ್ದಾಗ ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸ್ ನಿಂತುಹೋಯಿತು. ಸಣ್ಣ ಕಿಂಡಿಯಲ್ಲಿ ನೀಲಿ ಬೆಂಕಿ ಕಾಣುತ್ತಿತ್ತು, ಕೆಲವೇ ಸೆಕೆಂಡಿಗೆ ಆರುತ್ತಿತ್ತು. ಮೂರು ನಾಲ್ಕು ಸಲ ಹೀಗಾಗಿ ಸುಮ್ಮನಾಯಿತು. ಹೊರಗೆ ಹಿಮ. ಇಂಥ ಹೊತ್ತಿನಲ್ಲಿ ನಾವು ಏನು ನೋಡಬಹುದು, ಏನನ್ನು ಮುಟ್ಟಬಾರದು?
– ನಿವೃತ್ತ ಬ್ಯಾಂಕ್ ನೌಕರರು, ವಿಜಯನಗರ, ಮೈಸೂರು

ಉತ್ತರ: ನೀವು ಗಮನಿಸಿ ಬರೆದ ಲಕ್ಷಣವೇ ಅರ್ಧ ಉತ್ತರ. ಫರ್ನೇಸ್ ಯಾವ ಕ್ರಮದಲ್ಲಿ ಏಳುತ್ತದೆ ಎಂದು ತಿಳಿದಿದ್ದರೆ ಎಲ್ಲಿ ನಿಂತಿತು ಎಂದು ಕಿವಿಯಿಂದಲೇ ಹೇಳಬಹುದು.

ಗೋಡೆಯ ಥರ್ಮೋಸ್ಟ್ಯಾಟ್ ಬಿಸಿ ಕೇಳಿದ ಕೂಡಲೇ ಮೊದಲು ಒಂದು ಸಣ್ಣ ಫ್ಯಾನ್ ಗುಂಯ್ ಎನ್ನುತ್ತದೆ. ಇಂಡ್ಯೂಸರ್ ಎಂಬ ಇದು ಹೊಗೆಯನ್ನು ಹೊರಗೆಳೆಯುವ ಫ್ಯಾನ್. ಅದು ಸರಿಯಾಗಿ ಎಳೆಯುತ್ತಿದೆ ಎಂದು ಪ್ರೆಷರ್ ಸ್ವಿಚ್ ಒಪ್ಪಿದ ಮೇಲೆ, ಬೆಂಕಿ ಹಚ್ಚುವ ಇಗ್ನೈಟರ್ ಕೆಂಡದಂತೆ ಕೆಂಪಾಗುತ್ತದೆ. ಆಮೇಲೆ ಗ್ಯಾಸ್ ವಾಲ್ವ್ ಟಕ್ ಎಂದು ತೆರೆದು ಬರ್ನರ್‌ಗಳು ಹತ್ತುತ್ತವೆ. ಕೆಲವೇ ಸೆಕೆಂಡಿನಲ್ಲಿ ಫ್ಲೇಮ್ ಸೆನ್ಸರ್ ಬೆಂಕಿ ಕಂಡೆನೆಂದು ಹೇಳಬೇಕು. ಅರ್ಧ ನಿಮಿಷದ ನಂತರ ದೊಡ್ಡ ಬ್ಲೋವರ್ ತಿರುಗಿ ಕೋಣೆಗಳಿಗೆ ಬಿಸಿಗಾಳಿ ಬರುತ್ತದೆ.

ಬೆಂಕಿ ಹತ್ತಿ ಕೂಡಲೇ ಆರಿ, ಮತ್ತೆ ಹತ್ತಿ ಆರಿ, ಕೊನೆಗೆ ಬೀಗ ಹಾಕಿಕೊಂಡಂತೆ ಪೂರ್ತಿ ನಿಂತುಬಿಟ್ಟರೆ ಮೊದಲು ಸಂಶಯಪಡಬೇಕಾದದ್ದು ಫ್ಲೇಮ್ ಸೆನ್ಸರನ್ನು. ಸರಸ್ವತಿಪುರಂ ಓದುಗರ ಗೀಸರ್‌ನಲ್ಲಿ ಇದ್ದಂಥದೇ ಕಡ್ಡಿ ಅದು. ಅದರಲ್ಲಿ ಹರಿಯುವುದು ಮೈಕ್ರೋ ಆಂಪಿಯರ್‌ಗಳಲ್ಲಿ ಅಳೆಯುವಷ್ಟು ಅಲ್ಪ ವಿದ್ಯುತ್, ಒಂದರಿಂದ ನಾಲ್ಕಾರು. ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕೂತರೂ ಸಾಕು, ಅದು ನಿಂತುಹೋಗುತ್ತದೆ. ಒಂದೇ ಸ್ಕ್ರೂನಿಂದ ಹಿಡಿದಿರುತ್ತದೆ, ಸಾಮಾನ್ಯವಾಗಿ ಇಗ್ನೈಟರ್ ಇರುವ ಬದಿಗೆ ಎದುರಿನ ಕೊನೆಯ ಬರ್ನರ್ ಬಳಿ. ವಿದ್ಯುತ್ ಮತ್ತು ಗ್ಯಾಸ್ ಎರಡನ್ನೂ ಆರಿಸಿ, ಸ್ಕ್ರೂ ಬಿಚ್ಚಿ, ಕಡ್ಡಿಯನ್ನು ನಯವಾದ ಉಕ್ಕಿನ ನಾರಿನಿಂದ ಉಜ್ಜಿ ಒರೆಸಿ ಮತ್ತೆ ಕೂರಿಸಿದರೆ ಮುಗಿಯಿತು. ಒರಟು ಉಪ್ಪುಕಾಗದ ಬೇಡ, ಅದು ಬಿಡುವ ಗೀರುಗಳಲ್ಲಿ ಕೊಳೆ ಬೇಗ ಕೂರುತ್ತದೆ. ಇಗ್ನೈಟರನ್ನು ಮಾತ್ರ ಬೆರಳಿನಿಂದ ಮುಟ್ಟಬೇಡಿ, ಅದು ಸುಲಭವಾಗಿ ಮುರಿಯುವ ವಸ್ತು. ಈ ಕೆಲಸವನ್ನು ನೀವು ಮಾಡುವುದಕ್ಕಿಂತ, ಹೊರಡುವ ಮುಂಚೆಯೇ ಅಳಿಯನಿಗೆ ಹೇಳಿ ಚಳಿ ಶುರುವಾಗುವ ಮೊದಲು ಮಾಡಿಸಿಡುವುದು ಜಾಣತನ.

ನೀವಿಬ್ಬರೇ ಇದ್ದಾಗ ಸ್ಪ್ಯಾನರ್ ಹಿಡಿಯದೆ ನೋಡಬಹುದಾದವು ಬೇರೆ ಇವೆ. ಥರ್ಮೋಸ್ಟ್ಯಾಟ್ ‘ಹೀಟ್’ನಲ್ಲಿದೆಯೇ, ಪರದೆ ಮಂಕಾಗಿದೆಯೇ, ಮಂಕಾದರೆ ಸೆಲ್ ಬದಲಿಸಿ. ಅಲ್ಲಿನ ಅಂಕಿ ಫ್ಯಾರನ್‌ಹೀಟ್, 68 ಎಂದರೆ ನಮ್ಮ 20 ಡಿಗ್ರಿ. ಫರ್ನೇಸ್ ಪಕ್ಕದ ಗೋಡೆಯಲ್ಲಿ ದೀಪದ ಸ್ವಿಚ್ಚಿನಂಥದೇ ಒಂದು ಸ್ವಿಚ್ ಇರುತ್ತದೆ. ಬೇಸ್‌ಮೆಂಟ್ ದೀಪ ಎಂದುಕೊಂಡು ಅತಿಥಿಗಳು ಅದನ್ನು ಆರಿಸುವುದು ಬಹಳ ಸಾಮಾನ್ಯ! ಮುಂದಿನ ತಗಡಿನ ಬಾಗಿಲು ಸರಿಯಾಗಿ ಕೂತಿಲ್ಲದಿದ್ದರೂ ಒಳಗಿನ ಸುರಕ್ಷಾ ಸ್ವಿಚ್ ಎಲ್ಲವನ್ನೂ ನಿಲ್ಲಿಸುತ್ತದೆ.

ಬೆಂಕಿ ಐದು ಹತ್ತು ನಿಮಿಷ ಚೆನ್ನಾಗಿ ಉರಿದು ಆರಿ, ಬ್ಲೋವರ್ ಮಾತ್ರ ತಿರುಗುತ್ತಿದ್ದರೆ ಏರ್ ಫಿಲ್ಟರ್ ನೋಡಿ. ಧೂಳು ತುಂಬಿದ ಫಿಲ್ಟರ್‌ನಿಂದ ಗಾಳಿ ಸಾಲದೆ, ಬೆಂಕಿಯ ಬಿಸಿ ಹಾಯುವ ಒಳಗಿನ ಲೋಹದ ಕೋಣೆ ಕಾದು, ಲಿಮಿಟ್ ಸ್ವಿಚ್ ಬೆಂಕಿ ನಿಲ್ಲಿಸುತ್ತದೆ. ಮಂಡ್ಯದ ಮೇಷ್ಟ್ರ ಥರ್ಮಲ್ ಸ್ವಿಚ್ಚಿನ ಅಣ್ಣ ಇದು. ಒಂದಿಂಚು ದಪ್ಪದ ಫಿಲ್ಟರನ್ನು ಒಂದರಿಂದ ಮೂರು ತಿಂಗಳೊಳಗೆ ಬದಲಿಸಬೇಕು, ಚೌಕಟ್ಟಿನ ಬಾಣದ ಗುರುತು ಫರ್ನೇಸ್ ಕಡೆಗೆ ಇರಬೇಕು. ದಿನಾ ಒಗ್ಗರಣೆ ಹಾಕುವ ಮನೆಯಲ್ಲಿ ತಿಂಗಳ ಲೆಕ್ಕವೇ ಸರಿ.

ಇಂಡ್ಯೂಸರ್ ಗುಂಯ್ ಎನ್ನುತ್ತಲೇ ಇದ್ದು ಇಗ್ನೈಟರ್ ಕೆಂಪಾಗದಿದ್ದರೆ ಪ್ರೆಷರ್ ಸ್ವಿಚ್ ಒಪ್ಪುತ್ತಿಲ್ಲ ಎಂದರ್ಥ. ಹೆಚ್ಚು ದಕ್ಷತೆಯ ಫರ್ನೇಸ್‌ಗಳಲ್ಲಿ ಹೊಗೆ ಹೋಗುವುದು ಬಿಳಿ ಪ್ಲಾಸ್ಟಿಕ್ ಪೈಪಿನಿಂದ. ಮನೆಯ ಪಕ್ಕದ ಗೋಡೆಯಲ್ಲಿ ಅದರ ಬಾಯಿಗೆ ಹಿಮ ಮುಚ್ಚಿಕೊಂಡಿದ್ದರೆ ಕೈಗವಸು ಹಾಕಿ ಬಿಡಿಸಿ. ಅಂಥ ಫರ್ನೇಸ್‌ನಿಂದ ನೀರೂ ತೊಟ್ಟಿಕ್ಕುತ್ತದೆ. ಅದು ಹೋಗುವ ಸಣ್ಣ ಪೈಪ್ ಕಟ್ಟಿಕೊಂಡರೂ ಇದೇ ಲಕ್ಷಣ.

ಒಳಗಿನ ಸರ್ಕ್ಯೂಟ್ ಬೋರ್ಡ್‌ನಲ್ಲಿ ಒಂದು ಪುಟ್ಟ ದೀಪ ಮಿಟುಕುತ್ತಿರುತ್ತದೆ. ಬಾಗಿಲಿನ ಗಾಜಿನ ಕಿಂಡಿಯಿಂದ ಎಷ್ಟು ಮಿಟುಕು, ಮಧ್ಯೆ ಎಷ್ಟು ವಿರಾಮ ಎಂದು ಎಣಿಸಿ ಬರೆದುಕೊಳ್ಳಿ, ಅಥವಾ ಮೊಬೈಲಿನಲ್ಲಿ ವಿಡಿಯೋ ಮಾಡಿ ಮಗಳಿಗೆ ಕಳಿಸಿ. ಅರ್ಥದ ಪಟ್ಟಿ ಬಾಗಿಲಿನ ಒಳಮೈಯಲ್ಲಿ ಅಂಟಿಸಿರುತ್ತದೆ. ಆಮೇಲಷ್ಟೇ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ಮೊದಲೇ ಆರಿಸಿದರೆ ಆ ಸುಳಿವು ಅಳಿಸಿಹೋಗಬಹುದು. ಹೀಗೆ ಒಂದು ಸಲ ಮಾಡಿ ನೋಡಿ. ಮತ್ತೆ ನಿಂತರೆ ಹಟ ಮಾಡದೆ ಮೆಕ್ಯಾನಿಕ್ ಕರೆಸಿ.

ಮುಟ್ಟಬಾರದ್ದು: ರೋಲ್‌ಔಟ್ ಸ್ವಿಚ್ ಎಂಬ ಸಣ್ಣ ಗುಂಡಿ ಹೊರಬಂದಿದ್ದರೆ ಒತ್ತಿ ಕೂರಿಸಬೇಡಿ. ಬೆಂಕಿ ಬರ್ನರ್ ಬಿಟ್ಟು ಹೊರಚಾಚಿದಾಗ ಗ್ಯಾಸ್ ನಿಲ್ಲಿಸುವ ಸ್ವಿಚ್ ಅದು. ಲೋಹದ ಕೋಣೆ ಬಿರುಕು ಬಿಟ್ಟಿರಬಹುದು, ಹೊಗೆಯ ದಾರಿ ಕಟ್ಟಿರಬಹುದು. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ ಹೊರಗೆ ಬಂದು, ಹೊರಗಿನಿಂದಲೇ 911ಕ್ಕೆ ಕರೆ ಮಾಡಿ. ಮಾನಾಕ್ಸೈಡ್ ಅಲಾರಂ ನಾಲ್ಕು ಸಲ ಕೂಗಿ, ನಿಂತು, ಮತ್ತೆ ನಾಲ್ಕು ಸಲ ಕೂಗಿದರೆ ಆಗಲೂ ಹೀಗೇ. ಆಗಾಗ ಒಂದೇ ಸಲ ಚಿಂವ್ ಎಂದರೆ ಅದರ ಸೆಲ್ ಮುಗಿಯುತ್ತಿದೆ ಎಂದಷ್ಟೇ.

ಮೆಕ್ಯಾನಿಕ್ ಬರುವವರೆಗೆ ಚಳಿ ತಡೆಯಲು ಅಡುಗೆ ಗ್ಯಾಸ್ ಒಲೆ, ಓವನ್ ಹಚ್ಚಿಟ್ಟುಕೊಂಡು ಕೂರಬೇಡಿ. ಕುವೆಂಪುನಗರದ ಬಚ್ಚಲಿನ ಕಥೆಯೇ ಆಗುತ್ತದೆ. ಕರೆಂಟ್ ಹೀಟರ್ ಇದ್ದರೆ ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ, ಎಕ್ಸ್‌ಟೆನ್ಷನ್ ವೈರ್ ಬೇಡ. ಮನೆಯೊಳಗೆ 13 ಡಿಗ್ರಿ, ಅಂದರೆ ಅಲ್ಲಿನ 55ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಹೊರಗೋಡೆ ಕಡೆಯ ನಲ್ಲಿಗಳನ್ನು ಸಣ್ಣಗೆ ಹರಿಯಲು ಬಿಡಿ, ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆದರೆ ಫರ್ನೇಸ್ ರಿಪೇರಿಗಿಂತ ದೊಡ್ಡ ಖರ್ಚು.

ಪ್ರಶ್ನೆ: ಬಡಾವಣೆಗೆ ಪೈಪ್ ಗ್ಯಾಸ್ ಬರುತ್ತದಂತೆ. ಈಗಿನ ಗೀಸರನ್ನೇ ಅದಕ್ಕೆ ಸೇರಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹಾಗೇ ಸೇರಿಸುವಂತಿಲ್ಲ. ಸಿಲಿಂಡರ್ ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು 30 ಮಿಲಿಬಾರ್, ಮನೆಗೆ ಬರುವ ಪೈಪ್ ಗ್ಯಾಸಿನದು, ಅಂದರೆ ನೈಸರ್ಗಿಕ ಅನಿಲದ್ದು, 21. ಅದೂ ಅಲ್ಲದೆ ಒಂದು ಘನ ಮೀಟರ್ ಪೈಪ್ ಗ್ಯಾಸಿನಲ್ಲಿ ಅಷ್ಟೇ ಎಲ್‌ಪಿಜಿಯ ಅರ್ಧಕ್ಕಿಂತ ಕಡಿಮೆ ಶಾಖವಿದೆ. ಆದ್ದರಿಂದ ಬರ್ನರ್‌ಗೆ ಗ್ಯಾಸ್ ಚಿಮ್ಮಿಸುವ ಜೆಟ್‌ಗಳ ತೂತು ದೊಡ್ಡದಿರಬೇಕು. ಒಲೆಯ ಜೆಟ್ ಬದಲಿಸುವುದು ಸುಲಭ. ಗೀಸರ್‌ಗೆ ತಯಾರಕರೇ ಪರಿವರ್ತನೆಯ ಬಿಡಿಭಾಗ ಕೊಡುವುದಾದರೆ ಸರಿ, ಇಲ್ಲದಿದ್ದರೆ ಪೈಪ್ ಗ್ಯಾಸಿನದೇ ಹೊಸದು ಕೊಳ್ಳಿ. ಜೆಟ್ ತೂತನ್ನು ಡ್ರಿಲ್ ಮಾಡಿ ದೊಡ್ಡದು ಮಾಡಿಕೊಡುವವರಿಂದ ದೂರವಿರಿ.

ಪ್ರಶ್ನೆ: ಅಡುಗೆ ಒಲೆಯ ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದೆ. ರೆಗ್ಯುಲೇಟರ್ ದೋಷವೇ? ಕಿತ್ತಳೆ ಬಣ್ಣದ ಹೋಸ್ ನೋಡಲು ಚೆನ್ನಾಗಿದೆ, ಬದಲಿಸಬೇಕೇ?
– ಗೃಹಿಣಿ, ಶ್ರೀರಂಗಪಟ್ಟಣ

ಉತ್ತರ: ರೆಗ್ಯುಲೇಟರ್ ಅಲ್ಲ, ಗಾಳಿ ಸಾಲುತ್ತಿಲ್ಲ. ಉಕ್ಕಿದ ಹಾಲು, ಅನ್ನದ ಗಂಜಿ ಬರ್ನರ್ ತೂತುಗಳಲ್ಲಿ ಒಣಗಿರುತ್ತದೆ. ಬಿಸಿನೀರು, ಸೋಪಿನಲ್ಲಿ ನೆನೆಸಿ, ಪಿನ್‌ನಿಂದ ಒಂದೊಂದೇ ತೂತು ಬಿಡಿಸಿ, ಪೂರ್ತಿ ಒಣಗಿಸಿ ಕೂರಿಸಿ. ಒಲೆಯ ಕೆಳಗೆ ಬರ್ನರ್ ಕೊಳವೆಯಲ್ಲಿ ಗಾಳಿ ಸೇರುವ ಕಂಡಿ ಇದೆ, ಜೇಡದ ಬಲೆ ಕಟ್ಟಿದ್ದರೆ ತೆಗೆಯಿರಿ. ಬೆಂಕಿ ನೀಲಿಗೆ ತಿರುಗುತ್ತದೆ.

ಹೋಸ್ ಮೇಲೆ ತಯಾರಾದ ವರ್ಷ ಅಚ್ಚಾಗಿದೆ. ಐದು ವರ್ಷ ಆಗಿದ್ದರೆ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ, ಉದ್ದ ಒಂದೂವರೆ ಮೀಟರ್ ಮೀರದಿರಲಿ. ಹಾಕಿದ ಮೇಲೆ ಎರಡೂ ತುದಿಗೆ ಸೋಪಿನ ನೊರೆ ಸವರಿ, ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಸೋರುವ ವಾಸನೆ ಬಂದು ರೆಗ್ಯುಲೇಟರ್ ಮುಚ್ಚಿದರೂ ನಿಲ್ಲದಿದ್ದರೆ ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಎತ್ತುತ್ತಾರೆ.